ಸುಮ್ನ ಬಂದು ಕೂಡ್ರಿ

ನಿಜವಾಗಿ ಜ್ವರ ಬಂದಾಗಲೂ ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ನನಗೇ ಅನ್ನಿಸುತ್ತದೆ. ಇದು ನನ್ನೊಬ್ಬನ ದೋಷವೋ, ಸಂಬಳಕ್ಕೆ ದುಡಿಯುವ ಎಲ್ಲರಿಗೂ ಇರುವುದೋ ತಿಳಿಯದು. ಮೈ ಸುಡುತ್ತಿರುತ್ತದೆ, ಕೀಲುಕೀಲು ಹಿಡಿದುಕೊಂಡಿರುತ್ತದೆ, ಎದ್ದು ನಿಂತರೆ ಗೋಡೆಯ ಆಸರೆ ಬೇಕು. ಆದರೂ ಮಾಲಕರಿಗೆ ಫೋನ್ ಮಾಡಿ ‘ಇವತ್ತು ಬರೂದಾಗೂದಿಲ್ರಿ’ ಎನ್ನಬೇಕಾದ ಹೊತ್ತಿಗೆ ಕದ್ದು ಸಿಕ್ಕಿಬಿದ್ದವನ ಹಾಗೆ ಎದೆ ಡವಗುಟ್ಟುತ್ತದೆ. ಸಾಲದ್ದಕ್ಕೆ ನನ್ನ ಧ್ವನಿಯೊಂದು. ಬೇರೆಯವರಿಗೆ ಜ್ವರ ಬಂದರೆ ಧ್ವನಿ ಕುಗ್ಗುತ್ತದೆ, ನನಗೆ ಇನ್ನಷ್ಟು ಗಂಭೀರವಾಗಿ, ರೇಡಿಯೋದಲ್ಲಿ ವಾರ್ತೆ ಓದುವವರಂತೆ ಖಣಖಣ ಅನ್ನುತ್ತದೆ. ಹಾಗಾಗಿ ಫೋನ್ ಮಾಡುವ ಮುಂಚೆ ನಾನು ಮಂಚದ ಮೇಲೆ ಕೂತು ಸ್ವಲ್ಪ ಕೆಮ್ಮಿ, ನರಳಿ ಅಭ್ಯಾಸ ಮಾಡಿಕೊಳ್ಳುತ್ತೇನೆ. ಒಮ್ಮೆ ಇದನ್ನು ನೋಡಿದ ನನ್ನ ಹೆಂಡತಿ ಶೈಲಾ, ‘ಖರೇನ ಜ್ವರ ಬಂದದಲ್ರೀ, ಮತ್ತ ನಾಟಕ ಯಾಕ?’ ಎಂದು ಕೇಳಿದಳು. ‘ಖರೇ ಜ್ವರ ಫೋನಿನಾಗ ಕಾಣಸೂದಿಲ್ಲ’ ಅಂದೆ. ಅವಳು ನನ್ನ ಹಣೆಯ ಮೇಲೆ ಕೈಯಿಟ್ಟು ನೋಡಿದಳು, ಜ್ವರಕ್ಕೋ ಬುದ್ಧಿಗೋ ಹೇಳಲಿಲ್ಲ.

ನಾನು ಕೆಲಸ ಮಾಡುವುದು ಪುಣೆಯ ಬಿಬವೇವಾಡಿಯ ಒಂದು ದನದ ಹಿಂಡಿಯ ಸಗಟು ಅಂಗಡಿಯಲ್ಲಿ. ಕೆಳಗೆ ಗೋದಾಮು, ಅದರ ಒಂದು ಮೂಲೆಯಲ್ಲಿ ಗಾಜಿನ ಗೋಡೆ ಹಾಕಿ ಮಾಡಿದ ಆಫೀಸು, ಮೇಲೆ ಮಾಲಕರ ಮನೆ. ಮಾಲಕರು ಚನ್ನಬಸಪ್ಪನವರು. ಅವರ ತಂದೆಯ ಕಾಲಕ್ಕೆ ವಿಜಯಪುರದ ಕಡೆಯಿಂದ ಪುಣೆಗೆ ಬಂದ ಮನೆತನ. ಬಾರಾಮತಿಯ ಸುತ್ತಮುತ್ತಲಿನ ಹಾಲಿನವರಿಗೆಲ್ಲ ನಮ್ಮದೇ ಹಿಂಡಿ, ನಮ್ಮದೇ ಹತ್ತಿಕಾಳು. ಮಾಲಕರು ಗಿರಾಕಿಗಳ ಜೊತೆ ಮರಾಠಿ, ಟ್ರಕ್ಕಿನ ಡ್ರೈವರುಗಳ ಜೊತೆ ಹಿಂದಿ, ನನ್ನ ಜೊತೆ ಕನ್ನಡ ಮಾತನಾಡುತ್ತಾರೆ. ಸಿಟ್ಟು ಬಂದಾಗ ಮಾತ್ರ ಮೂರನ್ನೂ ಬಿಟ್ಟು ಸುಮ್ಮನಿರುತ್ತಾರೆ. ಕೆಟ್ಟವರು ಅಂತ ಅವರನ್ನು ಯಾರೂ ಅನ್ನಲಾರರು. ನನ್ನ ಮಗಳ ಮದುವೆಯಲ್ಲಿ ಬೀಗರಿಗಿಂತ ಮೊದಲು ಬಂದು, ಅಡುಗೆಯವರ ಪಕ್ಕ ಕುರ್ಚಿ ಹಾಕಿಕೊಂಡು ಕೂತು, ಎಲ್ಲರೂ ಉಂಡ ಮೇಲೆ ಉಂಡವರು. ಅವರಿಗೆ ಇದ್ದದ್ದು ಒಂದೇ ಒಂದು ಐಬು. ಅವರಿಗೆ ಜ್ವರ ಬರುತ್ತಿರಲಿಲ್ಲ. ತನಗೆ ಬಾರದ್ದು ಲೋಕದಲ್ಲಿ ಇದೆ ಎಂದು ನಂಬುವುದು ಮನುಷ್ಯನಿಗೆ ಕಷ್ಟ.

‘ಮನಿಷ್ಯಾ ಮಲಗಿದ ಕೂಡಲೆ ರೋಗಕ್ಕ ಧೈರ್ಯ ಬರ್ತದ ನೋಡ್ರಿ ದೇಶಪಾಂಡೇರ,’ ಎನ್ನುವುದು ಅವರ ಸಿದ್ಧಾಂತ. ‘ಎದ್ದು ಅಡ್ಡಾಡಿದ್ರ, ಇವ ನಮ್ಮ ಕೈಯಾಗ ಸಿಗೂ ಮಗಾ ಅಲ್ಲಂತ ಅದೇ ಹೋಗ್ತದ.’ ಹೀಗಾಗಿ ರಜೆ ಕೇಳಿದವರಿಗೆ ಅವರು ಎಂದೂ ಇಲ್ಲ ಎಂದವರಲ್ಲ. ಇಲ್ಲ ಎಂದಿದ್ದರೆ ನಾವೂ ಜಗಳಾಡಿ ಗೆಲ್ಲುತ್ತಿದ್ದೆವೇನೋ. ಅವರು ಪ್ರೀತಿಯಿಂದ ವಿಚಾರಿಸುತ್ತಿದ್ದರು. ಗಂಜಿ ಕುಡಿದಿರೇನು, ಗುಳಿಗೆ ತಗೊಂಡಿರೇನು, ಬೆಚ್ಚಗ ಹೊತ್ತುಕೊಂಡಿರೇನು ಎಂದೆಲ್ಲ ತಾಯಿಯ ಹಾಗೆ ಕೇಳಿ, ಕೊನೆಗೆ ಮೃದುವಾಗಿ, ‘ಕೆಲಸಾ ಮಾಡೂದು ಬ್ಯಾಡ್ರಿ. ಸುಮ್ನ ಬಂದು ಕೂಡ್ರಿ,’ ಎನ್ನುತ್ತಿದ್ದರು. ಈ ಮಾತಿಗೆ ಏನು ಉತ್ತರ ಕೊಡುತ್ತೀರಿ? ಕೆಲಸ ಮಾಡಲಾರೆ ಎನ್ನಬಹುದು. ಕೂಡ್ರಲಾರೆ ಎಂದು ಹೇಗೆ ಹೇಳುವುದು? ಮನೆಯಲ್ಲೂ ಕೂತೇ ಇರುತ್ತೇವಲ್ಲ.

ನಮ್ಮ ತಂದೆಯೂ ಹೀಗೆಯೇ ಇದ್ದರು ಎಂಬುದು ಈಗ ನೆನಪಾಗುತ್ತದೆ. ಬಾಗಲಕೋಟೆಯ ಹತ್ತಿರದ ಒಂದು ಊರಿನಲ್ಲಿ ಶಾಲೆಯ ಮಾಸ್ತರರು. ಚಳಿಜ್ವರ ಬಂದರೂ ಕಂಬಳಿ ಹೊದ್ದು ಶಾಲೆಗೆ ಹೋಗಿ ಕುರ್ಚಿಯಲ್ಲಿ ಕೂತು, ಮಕ್ಕಳಿಗೆ ಮಗ್ಗಿ ಬರೆಯಲು ಹೇಳಿ ಕಣ್ಣು ಮುಚ್ಚುತ್ತಿದ್ದರು. ಮಕ್ಕಳಿಗೆ ಅವರ ಜ್ವರವೆಂದರೆ ಹಬ್ಬ. ನಾನೂ ಅದೇ ಶಾಲೆಯಲ್ಲಿ ಓದುತ್ತಿದ್ದುದರಿಂದ ಗೆಳೆಯರು ಬೆಳಿಗ್ಗೆ ನಮ್ಮ ಮನೆಯ ಮುಂದೆ ನಿಂತು, ‘ನಿಮ್ಮಪ್ಪಗ ಇನ್ನೂ ಜ್ವರ ಅದ ಏನಲೇ?’ ಎಂದು ಆಸೆಯಿಂದ ಕೇಳುತ್ತಿದ್ದರು. ಅದು ಆ ಕಾಲ. ಅಲ್ಲಿ ಜ್ವರದ ಮಾಸ್ತರರಿಂದ ಯಾರಿಗೂ ನಷ್ಟವಾಗಲಿಲ್ಲ, ಮಗ್ಗಿಯಾದರೂ ಬಾಯಿಪಾಠವಾಯಿತು.

ಇಷ್ಟೆಲ್ಲ ಹೇಳಲು ಕಾರಣ ಹೋದ ವರ್ಷದ ಮಳೆಗಾಲದ ಕೊನೆ. ಪುಣೆಯ ತುಂಬ ಜ್ವರ. ಯಾರನ್ನು ಕೇಳಿದರೂ ‘ವ್ಹಾಯರಲ್’ ಎನ್ನುತ್ತಿದ್ದರು. ನನಗೂ ಬಂತು. ನಮ್ಮ ಡಾಕ್ಟರರು ಎದೆಗೆ ಕೊಳವೆ ಇಟ್ಟು ಕೇಳಿ, ಔಷಧಿ ಬರೆದು, ‘ಪೂರ್ಣ ವಿಶ್ರಾಂತಿ ಘ್ಯಾ’ ಎಂದರು. ಪೂರ್ತಿ ವಿಶ್ರಾಂತಿ ತಗೊಳ್ಳಿ ಎನ್ನುವ ಆ ಮಾತಿನ ನಡುವೆಯೇ ಎರಡು ಸಲ ಸೀನಿದರು. ಮಾಸ್ಕಿನ ಮೇಲಿನ ಅವರ ಕಣ್ಣುಗಳು ನನ್ನವಕ್ಕಿಂತ ಕೆಂಪಾಗಿದ್ದವು. ‘ಆಣಿ ತುಮ್ಹೀ?’ ಮತ್ತೆ ನೀವು, ಎಂದು ಕೇಳಿದೆ. ಅವರು ಬಾಗಿಲಿನ ಹೊರಗೆ ಕೂತಿದ್ದ ಜನರತ್ತ ಪೆನ್ನು ತೋರಿಸಿದರು. ನನಗೆ ಅವರ ಮೇಲೆ ಬಹಳ ಕನಿಕರ ಬಂತು, ಆ ಕನಿಕರದಲ್ಲಿ ಅವರ ಸಲಹೆಯ ಬೆಲೆ ಸ್ವಲ್ಪ ಕಡಿಮೆಯಾಯಿತು.

ಮನೆಗೆ ಬಂದು ಮಾಲಕರಿಗೆ ಫೋನ್ ಮಾಡಿದೆ. ಗಂಜಿ, ಗುಳಿಗೆ, ಹೊದಿಕೆ ಎಲ್ಲ ಆದ ಮೇಲೆ ಆ ಮಾತು ಬಂದೇ ಬಂತು. ‘ಇವತ್ತ ಬಾರಾಮತಿ ಲೋಡ್ ಅದ. ನಿಮ್ಮನ್ನ ಬಿಟ್ರ ಅದು ಯಾರಿಗೂ ತಿಳಿಯೂದಿಲ್ಲ. ಸುಮ್ನ ಬಂದು ಕೂಡ್ರಿ, ದೇಶಪಾಂಡೇರ.’ ನಿಮ್ಮನ್ನ ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂಬ ಮಾತಿಗಿಂತ ದೊಡ್ಡ ಟಾನಿಕ್ ಇಲ್ಲ. ಶೈಲಾ ಬಾಗಿಲಿಗೆ ಅಡ್ಡ ನಿಂತಳು. ‘ನೀವು ಹೋಗಲಿಲ್ಲಂದ್ರ ಏನಾಗ್ತದ? ಎಮ್ಮೆ ಹಾಲು ಕೊಡೂದು ಬಿಡ್ತಾವೇನು?’ ‘ಹಿಂಡಿ ಹೋಗಲಿಲ್ಲಂದ್ರ ಬಿಡ್ತಾವ’ ಎಂದು ಹೇಳಿ, ಕಿವಿಗೆ ಮಫ್ಲರ್ ಸುತ್ತಿಕೊಂಡು ರಿಕ್ಷಾ ಹತ್ತಿದೆ.

ಅಲ್ಲಿ ನೋಡಿದರೆ ಗೋದಾಮಿನಲ್ಲಿ, ಹಿಂಡಿಯ ಚೀಲಗಳ ನಡುವೆ, ಮಾಲಕರು ನನಗಾಗಿ ಒಂದು ಹೊರಸು ಹಾಕಿಸಿ ಅದರ ಮೇಲೆ ಒಗೆದ ಚಾದರ ಹಾಸಿಸಿದ್ದರು. ತಲೆದಿಂಬಿನ ಪಕ್ಕ ಫ್ಲಾಸ್ಕಿನಲ್ಲಿ ಅವರ ತಾಯಿ ಮಾಡಿಕೊಟ್ಟ ಕಷಾಯ. ‘ಮಕ್ಕೋರಿ, ಆರಾಮ ಮಕ್ಕೋರಿ,’ ಎಂದು ತಾವೇ ಕಾಲಮೇಲೆ ಕಂಬಳಿ ಎಳೆದರು. ನನಗೆ ಕಣ್ಣಲ್ಲಿ ನೀರು ಬಂತು. ಯಾವ ಆಫೀಸಿನಲ್ಲಿ ಹೀಗೆ ನೋಡಿಕೊಳ್ಳುತ್ತಾರೆ? ಕಂಬಳಿ ಹೊದಿಸಿ ಮುಗಿದ ಮೇಲೆ ಲ್ಯಾಪ್‌ಟಾಪ್ ತಂದು ಹೊಟ್ಟೆಯ ಮೇಲಿಟ್ಟರು. ದಿನವಿಡೀ ಹಾಗೆಯೇ ನಡೆಯಿತು. ನಾನು ಮಲಗಿರುತ್ತಿದ್ದೆ, ಒಬ್ಬೊಬ್ಬರೇ ಹೊರಸಿನ ಬಳಿ ಬಂದು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಕಾಯಿಲೆ ಬಿದ್ದ ಸಂಸ್ಥಾನಿಕ ಮಂಚದಿಂದಲೇ ರಾಜ್ಯವಾಳಿದ ಹಾಗೆ. ಬಂದ ಗಿರಾಕಿಗಳಿಗೆಲ್ಲ ಮಾಲಕರು ನನ್ನನ್ನು ತೋರಿಸಿ, ಇಷ್ಟು ಜ್ವರದಲ್ಲೂ ಬಂದಿದ್ದಾರೆ ನೋಡಿ ಎಂದು ಮರಾಠಿಯಲ್ಲಿ ಹೊಗಳಿದರು. ಗಿರಾಕಿಗಳು ದೂರದಿಂದಲೇ ಕೈಮುಗಿದರು.

ನಮ್ಮಲ್ಲಿ ಬಿಲ್ಲು, ಬ್ಯಾಂಕು ನೋಡಿಕೊಳ್ಳುವ ಸುನೀತಾ ಜಾಧವ ಎಂಬ ಹೆಣ್ಣುಮಗಳಿದ್ದಾಳೆ. ನನ್ನನ್ನು ಕಾಕಾ ಎನ್ನುತ್ತಾಳೆ. ಅವಳೊಬ್ಬಳೇ ಅಂದು ಹೊರಸಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ‘ಕಾಕಾ, ತುಮ್ಹೀ ಕಶಾಲಾ ಆಲಾತ?’ ಎಂದಳು. ಯಾಕಾದರೂ ಬಂದಿರಿ ಎಂದು. ಪ್ರೀತಿಯಿಂದ ಕೇಳಿದ್ದು. ನಾನು ನಕ್ಕು ಕೆಮ್ಮಿದೆ, ಅವಳು ನನ್ನ ಕೈಯಿಂದ ಕಾಗದ ಇಸಿದುಕೊಂಡಳು.

ಮರುದಿನ ಬೆಳಿಗ್ಗೆ ನಾನು ಮತ್ತೆ ಬಂದು ಹೊರಸಿನ ಮೇಲೆ ಬಿದ್ದಿದ್ದಾಗ ಬಾರಾಮತಿಯಿಂದ ಫೋನ್ ಬಂತು. ಎಮ್ಮೆಗಳು ಖಾಲಿ ಬಾನಿ ನೋಡಿಕೊಂಡು ನಿಂತಿವೆ, ಟ್ರಕ್ಕು ಎಲ್ಲಿ ಎಂದು. ಟ್ರಕ್ಕು ಬಾರ್ಶಿಯಲ್ಲಿತ್ತು. ಕಂಪ್ಯೂಟರಿನಲ್ಲಿ ಊರಿನ ಮೊದಲ ಅಕ್ಷರ ಒತ್ತಿದರೆ ಬಾರಾಮತಿಯೂ ಬಾರ್ಶಿಯೂ ಒಂದರ ಕೆಳಗೊಂದು ಬರುತ್ತವೆ. ಜ್ವರದ ಕಣ್ಣಿಗೆ ಎರಡೂ ಒಂದೇ ಊರಾಗಿ ಕಂಡಿತ್ತು. ಬಾರ್ಶಿಯ ವ್ಯಾಪಾರಿ ಬಹಳ ಸಂತೋಷದಿಂದ ಎಲ್ಲ ಚೀಲ ಇಳಿಸಿಕೊಂಡು, ಕೇಳದೆಯೇ ಕಳಿಸಿದಿರಲ್ಲ ಎಂದು ನಮಗೆ ಧನ್ಯವಾದವನ್ನೂ ಹೇಳಿದ. ನಾನು ಮುಖ ತೋರಿಸಲಾರದೆ ಹೊರಸಿನ ಮೇಲೆ ಗೋಡೆಯ ಕಡೆ ಹೊರಳಿದೆ. ಮಾಲಕರು ಒಂದು ಮಾತು ಬೈಯಲಿಲ್ಲ. ಬೆನ್ನು ತಟ್ಟಿ, ‘ಇರ್ಲಿ ಬಿಡ್ರಿ. ಜ್ವರದಾಗ ಹಿಂಗಾಗ್ತಾವ,’ ಎಂದರು. ಜ್ವರದಲ್ಲಿ ಹೀಗಾಗುತ್ತದೆ ಎಂಬಲ್ಲಿಯವರೆಗೆ ಬಂದ ಅವರ ವಿಚಾರ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೇನೋ ಎಂದು ಕಾದೆ. ಹೋಗಲಿಲ್ಲ. ಇನ್ನೊಂದು ಲೋಟ ಕಷಾಯ ಬಂತು.

ನನ್ನ ಜ್ವರ ಇಳಿಯುವ ಹೊತ್ತಿಗೆ ಸುನೀತಾ ಮಲಗಿದಳು. ಎಲ್ಲಿಂದ ಬಂತು ಎಂದು ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಅವಳ ಗಂಡ ಬಾರಾಮತಿಯ ಕಡೆ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತ ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಇಲ್ಲಿ ಅವಳು, ಒಂದನೇ ಇಯತ್ತೆಯಲ್ಲಿ ಓದುವ ಮಗಳು, ಇಬ್ಬರೇ. ತೆರಿಗೆಯ ಲೆಕ್ಕ ಕಳಿಸಬೇಕಾದ ವಾರ ಅದು. ಮಾಲಕರು ಅವಳಿಗೆ ಫೋನ್ ಮಾಡಿ, ಮರಾಠಿಯಲ್ಲಿ ಗಂಜಿ, ಗುಳಿಗೆ, ಹೊದಿಕೆ ವಿಚಾರಿಸಿ, ಸುಮ್ಮನೆ ಬಂದು ಕೂತುಕೋ ಎಂದರು. ಅವಳು ಏಳಲಾಗುವುದಿಲ್ಲ ಎಂದಳಂತೆ. ಮಾಲಕರಿಗೆ ಪಾಪ ಅನ್ನಿಸಿತು. ದಾಳಿಂಬೆ ತರಿಸಿ ಚೀಲಕ್ಕೆ ಹಾಕಿ, ಅದರ ಕೆಳಗೆ ಲ್ಯಾಪ್‌ಟಾಪ್ ಇಟ್ಟು ನನ್ನ ಕೈಗೆ ಕೊಟ್ಟರು. ‘ನೀವ ಹೋಗಿ ಹೇಳ್ರಿ. ನಿಮ್ಮನ್ನ ನೋಡಿದ್ರ ಆಕಿಗೂ ಹುರುಪು ಬರ್ತದ. ಹಣ್ಣು ತಿನಕೋತ ಮಾಡ್ಲಿ, ಅವಸರ ಇಲ್ಲ. ಸಂಜೀಕ ಆದ್ರ ಸಾಕು.’

ಅವಳ ಮನೆ ಅಲ್ಲೇ ಎರಡು ಗಲ್ಲಿ ದಾಟಿದರೆ. ಬಾಗಿಲು ತೆಗೆದದ್ದು ಮಗಳು. ‘ಆಈಲಾ ತಾಪ ಆಹೇ,’ ಅಮ್ಮನಿಗೆ ಜ್ವರ ಎಂದು ಗುಟ್ಟು ಹೇಳುವಂತೆ ಹೇಳಿತು. ಒಳಗೆ ಸುನೀತಾ ಗೋಡೆಗೆ ಒರಗಿ ಕೂತಿದ್ದಳು. ತುಟಿ ಒಣಗಿ ಬಿರಿದಿತ್ತು. ಹಣೆಯ ಮೇಲೆ ಒದ್ದೆ ಕರವಸ್ತ್ರ, ಅದನ್ನು ಸರಿಯಾಗಿ ಹಿಂಡದೆ ಹಾಕಿದ್ದರಿಂದ ನೀರು ಕೆನ್ನೆಗಿಳಿಯುತ್ತಿತ್ತು. ಹುಡುಗಿ ಅಡುಗೆಮನೆಗೆ ಓಡಿ ನನಗೆ ಕುಡಿಯಲು ನೀರು ತಂದಿತು. ಒಲೆ ಹೊತ್ತಿಸಿದ ಗುರುತಿರಲಿಲ್ಲ. ತಟ್ಟೆಯಲ್ಲಿ ಬಿಸ್ಕೀಟು ಇತ್ತು. ನಾನು ಏನೂ ಹೇಳುವ ಮೊದಲೇ ಸುನೀತಾ ಚೀಲ ನೋಡಿದಳು, ಅರ್ಥ ಮಾಡಿಕೊಂಡಳು, ‘ದ್ಯಾ ಕಾಕಾ,’ ಕೊಡಿ ಎಂದು ಕೈ ಚಾಚಿದಳು. ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ತೆರೆದಳು. ತನ್ನ ಪಾಸ್‌ವರ್ಡೇ ಅವಳಿಗೆ ನೆನಪಾಗಲಿಲ್ಲ. ತಪ್ಪಾಗಿ ಒತ್ತಿದಳು, ಮತ್ತೆ ಒತ್ತಿದಳು. ಅದು ಮಗಳ ಹೆಸರೇ ಇರಬೇಕು, ಏಕೆಂದರೆ ಮೂರನೆಯ ಸಲಕ್ಕೆ ಹುಡುಗಿಯೇ ಪಕ್ಕದಲ್ಲಿ ನಿಂತು ಒಂದೊಂದೇ ಅಕ್ಷರ ಹೇಳತೊಡಗಿತು.

ನಾನು ಹೋಗಿ ಲ್ಯಾಪ್‌ಟಾಪ್ ಮುಚ್ಚಿದೆ. ಧೈರ್ಯವಂತ ಎಂದು ನನ್ನನ್ನು ಯಾರೂ ಕರೆದದ್ದಿಲ್ಲ, ಆಗಲೂ ಧೈರ್ಯದಿಂದ ಮಾಡಿದ್ದಲ್ಲ. ನೋಡಲಾಗಲಿಲ್ಲ, ಅಷ್ಟೆ. ‘ರಾಹು ದೇ’ ಇರಲಿ ಬಿಡು ಎಂದು ಹೇಳಿ, ದಾಳಿಂಬೆ ಬಿಡಿಸಿ ತಾಯಿ ಮಗಳಿಬ್ಬರಿಗೂ ಬಟ್ಟಲಲ್ಲಿ ಹಾಕಿಕೊಟ್ಟು, ಶೈಲಾಳಿಗೆ ಫೋನ್ ಮಾಡಿ ಅನ್ನ ಸಾರು ತಗೊಂಡು ಬಾ ಎಂದೆ. ಅವಳು ಬರುವ ತನಕ ಅಲ್ಲೇ ಕೂತು, ಚೀಲ ಹೆಗಲಿಗೆ ಹಾಕಿಕೊಂಡು ವಾಪಸಾದೆ.

ದಾರಿಯುದ್ದಕ್ಕೂ ಒಳ್ಳೊಳ್ಳೆಯ ವಾಕ್ಯಗಳು ಹೊಳೆದವು. ಆಫೀಸಿನ ಬಾಗಿಲು ಮುಟ್ಟುವಷ್ಟರಲ್ಲಿ ಎಲ್ಲ ಮರೆತುಹೋದವು. ಮಾಲಕರು, ‘ಆತೇನ್ರಿ?’ ಎಂದರು.

‘ಆಗಿಲ್ರಿ. ಆಗೂದೂ ಇಲ್ಲ,’ ಅಂದೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು. ‘ಆಕಿಗೆ ಕಣ್ಣು ತಗೀಲಿಕ್ಕೆ ಆಗವಲ್ದು.’

‘ನಿಮಗೂ ಜ್ವರ ಇತ್ತಲ್ರಿ. ನೀವು ಬಂದ್ರಿ.’

‘ನಾ ಬಂದೆ ಅಂತನ ಟ್ರಕ್ ಬಾರ್ಶಿಗೆ ಹೋತು. ನಾ ಬಂದೆ ಅಂತನ ಆಕಿಗೆ ಜ್ವರ ಬಂತು. ನಾ ಮನ್ಯಾಗ ಬಿದ್ದಿದ್ರ ಎರಡೂ ಆಗತಿದ್ದಿಲ್ಲ.’

ಮಾಲಕರು ಮೂರು ಭಾಷೆಗಳನ್ನೂ ಬಿಟ್ಟರು. ಮೇಜಿನ ಮೇಲಿನ ಪೇಪರ್‌ವೇಟನ್ನು ಒಂದು ಸುತ್ತು ತಿರುಗಿಸಿ, ಎದ್ದು ಮೇಲಿನ ಮನೆಗೆ ಹೋದರು. ಆ ದಿನ ಮತ್ತೆ ಕೆಳಗಿಳಿಯಲಿಲ್ಲ. ಈ ವಯಸ್ಸಿನಲ್ಲಿ ಇನ್ನೊಂದು ಕೆಲಸ ಯಾರು ಕೊಡುತ್ತಾರೆ ಎಂದು ಯೋಚಿಸುತ್ತ ಮನೆಗೆ ಬಂದೆ. ಶೈಲಾಳಿಗೆ ಹೇಳಿದರೆ, ‘ಛಲೋ ಆತು,’ ಅಂದಳು. ನೌಕರಿ ಹೋದರೆ ಛಲೋ ಎಂದಳೋ, ಮಾತಾಡಿದ್ದು ಛಲೋ ಎಂದಳೋ, ಬಿಡಿಸಿ ಹೇಳುವ ಅಭ್ಯಾಸ ಅವಳಿಗಿಲ್ಲ.

ಮರುದಿನವೂ ಮಾಲಕರು ಬೆಳಿಗ್ಗೆ ಕಾಣಲಿಲ್ಲ. ನನ್ನ ಮೇಲಿನ ಸಿಟ್ಟು ಇಷ್ಟು ದೊಡ್ಡದೇ ಎಂದು ನಾನು ಕುಗ್ಗಿ ಕೂತಿದ್ದಾಗ, ಶಾಲು ಹೊದ್ದುಕೊಂಡು, ಕಟಕಟೆ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ಬಂದರು. ಮುಖ ಕೆಂಪಾಗಿತ್ತು. ಹಲ್ಲು ಕಟಕಟ ಅನ್ನುತ್ತಿತ್ತು. ಅದು ಸಿಟ್ಟಲ್ಲ, ಜ್ವರ. ಕುರ್ಚಿಯ ತನಕ ಬಂದರು, ಬಂದು ನೋಡಿದರೆ ಕುರ್ಚಿಯಲ್ಲಿ ಅವರ ತಾಯಿ ಕೂತಿದ್ದರು. ಹಿಂದಿನ ಮೆಟ್ಟಿಲಿನಿಂದ ಯಾವಾಗ ಇಳಿದು ಬಂದರೋ ಯಾರೂ ನೋಡಿರಲಿಲ್ಲ. ಅವ್ವನವರು ಪುಣೆಗೆ ಬಂದು ಎಷ್ಟೋ ಕಾಲವಾದರೂ ಅವರ ಮಾತಿನಲ್ಲಿ ವಿಜಯಪುರದ ಒಂದು ಅಕ್ಷರವೂ ಸವೆದಿಲ್ಲ.

‘ಅವ್ವಾ, ಏಳು. ಇವತ್ತ ಲೋಡ್ ಅದ,’ ಎಂದರು ಮಾಲಕರು.

‘ಇದ್ರ ಇರವಲ್ದ್ಯಾಕ.’

‘ಸುಮ್ನ ಕೂತಿರ್ತೀನಿ. ಕೆಲಸಾ ಮಾಡೂದಿಲ್ಲ.’

ಅವ್ವನವರು ಮಗನನ್ನು ಮೇಲಿನಿಂದ ಕೆಳಗೆ ನೋಡಿದರು. ‘ಚನ್ನಪ್ಪಾ, ನಿಮ್ಮಪ್ಪ ಮೈ ಬೆಚ್ಚಗಾದ ಎತ್ತಿನ ಹೆಗಲ ಮ್ಯಾಲೆ ನೊಗಾ ಇಟ್ಟಿದ್ದು ನೋಡೀಯೇನು ನೀ? ಬಿತ್ತಗಿ ಹೊತ್ತಿನ್ಯಾಗ ಸುದ್ದಾ ಇಡಲಿಲ್ಲ. ಬಾಜೂ ಹೊಲದವರು ಬಿತ್ತಿ ಮುಗಿಸಿದ್ರು, ಅಂವ ಎತ್ತಿನ ಮುಂದ ಕುಂತು ಅದರ ಮೈ ತಿಕ್ಕತಿದ್ದ. ಅದರ ಪುಣ್ಯಾದಾಗ ನೀ ದನದ ಹಿಂಡಿ ಮಾರಿ ಉಣ್ಣಾಕತ್ತೀದಿ.’

ಮಾಲಕರು ಸೋತ ದನಿಯಲ್ಲಿ, ‘ಎತ್ತಿಗೆ ಫೋನ್ ಬರ್ತಿದ್ದಿಲ್ಲವ್ವಾ,’ ಎಂದರು. ಅವ್ವನವರು ಕೈ ಚಾಚಿದರು. ಮಾಲಕರು ಶಾಲಿನೊಳಗಿಂದ ಮೊಬೈಲ್ ತೆಗೆದು ಆ ಕೈಯಲ್ಲಿಟ್ಟು, ಬಂದ ದಾರಿಯಲ್ಲಿ ಮೆಟ್ಟಿಲು ಹತ್ತಿದರು.

ಸಂಜೆ ನನಗೆ ಮೇಲಿನಿಂದ ಕರೆ ಬಂತು. ಮಾಲಕರು ಕಂಬಳಿಯ ಕೆಳಗೆ ಚಿಕ್ಕವರಾಗಿ ಕಂಡರು. ‘ದೇಶಪಾಂಡೇರ, ಜ್ವರಾ ಅಂದ್ರ ಹಿಂಗಿರ್ತದಂತ ನನಗ ಗೊತ್ತಿದ್ದಿಲ್ರಿ. ಎಲುಬಿನಾಗ ಯಾರೋ ಕುಂತು ಕುಟ್ಟಿಧಂಗ ಆಗ್ತದ. ನೀವು ಯಾರೂ ನನಗ ಹೇಳಲೇ ಇಲ್ಲ.’ ‘ಹೇಳಿದ್ವಿರಿ,’ ಅಂದೆ. ಅವರು ಕಣ್ಣು ಮುಚ್ಚಿ ಯೋಚಿಸಿ, ‘ಹಂಗಂದ್ರ ನಾ ಕೇಳಲಿಲ್ಲ,’ ಎಂದರು. ಆಮೇಲೆ ಸುನೀತಾಳ ಮನೆಯಲ್ಲಿ ಅಡುಗೆ ಯಾರು ಮಾಡುತ್ತಿದ್ದಾರೆ ಎಂದು ಕೇಳಿದರು. ನಮ್ಮ ಮನೆಯಿಂದ ಹೋಗುತ್ತಿದೆ ಎಂದೆ. ಮರುದಿನದಿಂದ ಅವ್ವನವರ ಕೈಯ ಮೆತ್ತನ್ನ ಅನ್ನ, ಹೆಸರುಬೇಳೆಯ ತೊವ್ವೆ ಅವಳು ಚೇತರಿಸಿಕೊಳ್ಳುವ ತನಕ ತಪ್ಪದೆ ಹೋಯಿತು. ಮೊದಲ ದಿನ ಅದನ್ನು ಒಯ್ದವನು ನಾನೇ. ಡಬ್ಬಿಯ ಕೆಳಗೆ ಏನಾದರೂ ಇದೆಯೇನೋ ಎಂದು ಗಲ್ಲಿಯ ತಿರುವಿನಲ್ಲಿ ಚೀಲದೊಳಗೆ ಕೈಹಾಕಿ ತಡವಿದೆ. ಚಮಚ ಬಿಟ್ಟರೆ ಬೇರೇನೂ ಇರಲಿಲ್ಲ. ತೆರಿಗೆಯ ಲೆಕ್ಕ ತಡವಾಗಿ ಹೋಯಿತು, ಸ್ವಲ್ಪ ದಂಡ ಬಿತ್ತು, ಆಕಾಶ ಇದ್ದಲ್ಲೇ ಇತ್ತು.

ಆಮೇಲಿನಿಂದ ನಮ್ಮ ಆಫೀಸಿನಲ್ಲಿ ಕಾನೂನು ಬದಲಾಯಿತು. ಮಾಲಕರು ಏನು ಮಾಡಿದರೂ ಪೂರ್ತಿ ಮಾಡುವವರು. ಈಗ ಯಾರಾದರೂ ಸೀನಿದರೆ ಅವರೇ ಚಪ್ಪಲಿ ತೋರಿಸುತ್ತಾರೆ, ಹೊಡೆಯಲಿಕ್ಕಲ್ಲ, ಮೆಟ್ಟಿಕೊಂಡು ಮನೆಗೆ ಹೋಗಲಿಕ್ಕೆ. ಈ ಚಳಿಗಾಲ ನನಗೆ ಗಂಟಲು ಕಟ್ಟಿ ಕೆಮ್ಮು ಹತ್ತಿತು. ಫೋನ್ ಮಾಡಿದೆ. ‘ಮಕ್ಕೋರಿ. ಪೂರಾ ಆರಾಮ ಆಗೂತನಕ ಈ ಕಡೆ ಹಾಯಬ್ಯಾಡ್ರಿ,’ ಎಂದು ಇಟ್ಟುಬಿಟ್ಟರು. ಎಷ್ಟು ಸುಖ ಎಂದುಕೊಂಡು ಹೊದ್ದು ಮಲಗಿದೆ. ಮಧ್ಯಾಹ್ನದವರೆಗೆ ಒಂದು ಫೋನೂ ಬರಲಿಲ್ಲ. ಮೊಬೈಲ್ ಕೆಟ್ಟಿದೆಯೇನೋ ಎಂದು ಶೈಲಾಳ ಫೋನಿನಿಂದ ನನಗೆ ನಾನೇ ಮಾಡಿ ನೋಡಿದೆ, ಚೆನ್ನಾಗಿಯೇ ರಿಂಗಾಯಿತು. ಕೊನೆಗೆ ತಡೆಯದೆ ನಾನೇ ಆಫೀಸಿಗೆ ಮಾಡಿ, ಬಾರಾಮತಿಯ ಲೋಡು ಏನಾಯಿತು ಎಂದು ಕೇಳಿದೆ. ಅದು ಆಗಲೇ ಹೋಯಿತು ಕಾಕಾ, ನೀವು ಮಲಗಿ, ಎಂದಳು ಸುನೀತಾ. ಹಿಂದೆ ಯಾರೋ ನಗುತ್ತಿದ್ದರು. ನಾನಿಲ್ಲದ ಆಫೀಸಿನಲ್ಲಿ ನಗುವಂಥದ್ದು ಏನಿರುತ್ತದೆ?

ಮರುದಿನ ಶೈಲಾ ದೇವರ ಮುಂದೆ ಕೂತಿದ್ದಾಗ, ರಾತ್ರಿಯ ಚಪಾತಿ ಪಲ್ಯ ಡಬ್ಬಿಗೆ ಹಾಕಿಕೊಂಡು ಸದ್ದಿಲ್ಲದೆ ಹೊರಬಿದ್ದೆ. ಆಫೀಸಿನ ಬಾಗಿಲಲ್ಲೇ ಒಂದು ಕೆಮ್ಮು ಬಂತು. ಗಾಜಿನ ಆಚೆಯಿಂದ ಸುನೀತಾ ಬೆರಳು ಅಲ್ಲಾಡಿಸಿದಳು. ಮಾಲಕರು ಎದ್ದು ನಿಂತು ರಸ್ತೆ ತೋರಿಸಿದರು. ಬಾಗಿಲು ತೆರೆಯಲೇ ಇಲ್ಲ. ಮನೆಗೆ ಹೋದರೆ ಶೈಲಾ ಇದ್ದಾಳೆ. ಅವಳಿಗೆ ಏನು ಹೇಳುವುದು? ಹೀಗಾಗಿ ಹತ್ತಿರದ ಉದ್ಯಾನಕ್ಕೆ ಹೋಗಿ ಬಿಸಿಲಿರುವ ಬೆಂಚು ನೋಡಿ ಕೂತೆ. ಆಗಲೇ ಅಲ್ಲಿ ಉಣ್ಣೆಯ ಟೊಪ್ಪಿಗೆ ಹಾಕಿಕೊಂಡ ಒಬ್ಬ ಅಜ್ಜ ಪೇಪರ್ ಓದುತ್ತಿದ್ದರು. ನನ್ನನ್ನೂ ನನ್ನ ಡಬ್ಬಿಯನ್ನೂ ಆತ್ಮೀಯವಾಗಿ ನೋಡಿ, ‘ರಿಟಾಯರ್ ಕಧೀ ಝಾಲಾತ?’ ಎಂದು ಕೇಳಿದರು. ಯಾವಾಗ ನಿವೃತ್ತರಾದಿರಿ ಎಂದು.

‘ಅಜೂನ್ ನಾಹೀ,’ ಇನ್ನೂ ಆಗಿಲ್ಲ ಎಂದೆ. ‘ಖೋಕಲಾ ಆಹೇ.’ ಕೆಮ್ಮು ಇದೆ, ಅಷ್ಟೆ.

ಅಜ್ಜ ಪೇಪರ್ ಮಡಚಿಕೊಂಡು ಎದ್ದು, ಮೂರು ಬೆಂಚು ಆಚೆ ಹೋಗಿ ಕೂತರು. ನಾನು ಡಬ್ಬಿ ತೆರೆದೆ. ಪಲ್ಯ ತಣ್ಣಗಿತ್ತು, ನುಂಗಿದರೆ ಗಂಟಲು ನೋಯುತ್ತಿತ್ತು. ಇಂಥ ಸ್ಥಿತಿಯಲ್ಲಿ ಮನುಷ್ಯ ಮನೆಯಲ್ಲಿ ಬಿದ್ದುಕೊಂಡಿರಬೇಕು ಎಂದು ನನಗೆ ಅಂದು ಮೊದಲ ಬಾರಿಗೆ ಮನಸ್ಸಿನಿಂದ ಅನ್ನಿಸಿತು.